ತುಟಿಯ ಮೇಲಿಟ್ಟ ಬೆರಳು

ನನ್ನ ತಂಗಿ ಮಾತಿನ ಮಲ್ಲಿ. ಬೆಳಿಗ್ಗೆ ಹಲ್ಲುಜ್ಜುತ್ತಲೇ ಶುರುವಾದರೆ ಬಾಯಿ ಮುಕ್ಕಳಿಸುವಷ್ಟು ಹೊತ್ತು ಮಾತ್ರ ಬಿಡುವು. ಮದುವೆಯ ಗೊಡವೆಗೇ ಹೋಗದಿದ್ದ ಅವಳು, ನನ್ನ ಗಂಡ ತೀರಿಕೊಂಡ ವರ್ಷ ಎರಡು ಪೆಟ್ಟಿಗೆ, ಒಂದು ಮೇಜುದೀಪ ಹೊತ್ತುಕೊಂಡು ನನ್ನ ಎರಡು ಕೋಣೆಯ ಮನೆಗೆ ಬಂದಳು. ನಿನಗೆ ಬೇಜಾರಾಗಬಾರದೆಂದು ಬಂದಿದ್ದೇನೆ, ನನ್ನ ಮನೆಯ ನಲ್ಲಿ ಸೋರುತ್ತದೆಂದು ಅಲ್ಲ ಎಂದು ಬಾಗಿಲಲ್ಲೇ ಹೇಳಿದಳು. ಹದಿನೇಳು ವರ್ಷ ಒಟ್ಟಿಗಿದ್ದೆವು. ಈಗ ಮೂರು ವರ್ಷದಿಂದ ಆ ಮನೆಯಲ್ಲಿ ನಾನೊಬ್ಬಳೇ. ಅವಳು ಜಗಳವಾಡಿ ಹೋದವಳಲ್ಲ. ಜಗಳವಾಗಿದ್ದರೆ ಎರಡು ದಿನದಲ್ಲಿ ಸರಿಹೋಗುತ್ತಿತ್ತು. ನಾನು ಒಮ್ಮೆ ತುಟಿಯ ಮೇಲೆ ಬೆರಳಿಟ್ಟೆ, ಅಷ್ಟೆ.

ಅವಳ ಕೆಲಸ ಒಂದು ಕಣ್ಣಿನ ಆಸ್ಪತ್ರೆಯ ಕನ್ನಡಕದ ವಿಭಾಗದಲ್ಲಿ. ಒಂದು ಕಿಟಕಿ, ಅದರ ಹಿಂದೆ ಎತ್ತರದ ಸ್ಟೂಲು, ಮುಂದೆ ತಗಡಿನ ಟ್ರೇಗಳ ಸಾಲು. ಪ್ರತಿ ಟ್ರೇಯಲ್ಲಿ ಒಂದು ಕನ್ನಡಕ, ಅದರ ಕಡ್ಡಿಗೆ ದಾರದಲ್ಲಿ ಕಟ್ಟಿದ ಹೆಸರಿನ ಚೀಟಿ. ಫ್ರೇಮುಗಳೆಲ್ಲ ಒಂದೇ ಕಂದು ಬಣ್ಣದವು. ಬಿಸಿ ಉಪ್ಪಿನ ಡಬ್ಬಿಯಲ್ಲಿ ಕಡ್ಡಿ ತೂರಿಸಿ, ಮೆತ್ತಗಾದ ಮೇಲೆ ಅವರವರ ಕಿವಿಯ ಅಳತೆಗೆ ಬಗ್ಗಿಸಿ, ತಾನೇ ಮೂಗಿನ ಮೇಲೆ ಕೂರಿಸುತ್ತಿದ್ದಳು. ಆಮೇಲೆ ಎದುರಿನ ಗೋಡೆಯ ಕ್ಯಾಲೆಂಡರು ಓದಿಸುತ್ತಿದ್ದಳು. ಓದು ಬಾರದವರಿಗೆ ಹೊರಗಿನ ತಂತಿಯ ಮೇಲೆ ಎಷ್ಟು ಕಾಗೆ ಕೂತಿವೆ ಎಂದು ಕೇಳುತ್ತಿದ್ದಳು. ಓದಿಸದೆ, ಎಣಿಸದೆ ಕನ್ನಡಕ ಕೈಗೆ ಕೊಡಬಾರದು ಎನ್ನುವುದು ಆಸ್ಪತ್ರೆಯ ನಿಯಮವಲ್ಲ, ಅವಳೇ ಮಾಡಿಕೊಂಡದ್ದು.

ಸಂಜೆ ಮನೆಗೆ ಬಂದರೆ ಆ ದಿನದ ಎಲ್ಲ ಮೂಗುಗಳ ಕಥೆಯೂ ನನಗೆ ಗೊತ್ತಾಗಬೇಕು. ಒಬ್ಬ ಮುದುಕ ಹೊಸ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿದ್ದ ಹೆಂಡತಿಯನ್ನು ನೋಡಿ, ಇವಳಿಗೆ ಇಷ್ಟು ವಯಸ್ಸಾಯಿತೇ ಎಂದು ಬೆರಗಾದನಂತೆ. ತಂಗಿ ಸುಮ್ಮನೆ ಕನ್ನಡಿ ತೆಗೆದು ಅವನ ಮುಂದೆ ಹಿಡಿದಳಂತೆ. ಹೆಂಡತಿ ನಗು ತಡೆಯಲಾರದೆ ಹೊರಗೆ ಹೋಗಿ ನಿಂತಳಂತೆ. ಅರ್ಧ ಕೇಳುತ್ತಿದ್ದೆ, ಅರ್ಧ ಹೂಂಗುಟ್ಟುತ್ತಿದ್ದೆ. ಕೇಳದೆ ಬಿಟ್ಟ ಆ ಅರ್ಧಗಳನ್ನು ಈಗ ಒಬ್ಬಳೇ ಕೂತು ನೆನಪಿಸಿಕೊಳ್ಳಲು ನೋಡುತ್ತೇನೆ.

ನಾನು ನೀರಿನ ಪರೀಕ್ಷಾಲಯದಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವಳು. ಊರಿನ ಎಲ್ಲ ಟ್ಯಾಂಕುಗಳ ನೀರು ಬಾಟಲಿಯಲ್ಲಿ ನಮ್ಮ ಮೇಜಿಗೆ ಬರುತ್ತಿತ್ತು. ಅಲ್ಲಿ ಮಾತು ಕಡಿಮೆ. ನಿವೃತ್ತಿಯಾದ ಮೇಲೆ ಸಂಜೆಗಳು ಉದ್ದವಾದವು. ಗೆಳತಿಯೊಬ್ಬಳು ಧ್ಯಾನದ ಕೂಟವೊಂದಕ್ಕೆ ಕರೆದುಕೊಂಡು ಹೋದಳು. ದರ್ಜಿಯಂಗಡಿಯ ಮೇಲಿನ ಒಂದು ಉದ್ದನೆ ಕೋಣೆ, ಹನ್ನೆರಡು ಚಾಪೆ, ಒಂದು ಮೂಲೆಯಲ್ಲಿ ಕಲ್ಲಿನ ಚಿಕ್ಕ ಬುದ್ಧ. ನಾವು ಮೆಟ್ಟಿಲು ಹತ್ತುವ ಸದ್ದು ಕೇಳಿದರೆ ಕೆಳಗಿನ ದರ್ಜಿ ಹೊಲಿಗೆ ಯಂತ್ರದ ಮೋಟಾರು ನಿಲ್ಲಿಸಿ, ಒಂದು ಗಂಟೆ ಕೈಯಲ್ಲಿ ಗುಂಡಿ ಹೊಲಿಯುವ ಕೆಲಸ ಇಟ್ಟುಕೊಳ್ಳುತ್ತಿದ್ದರು. ಯಾರೂ ಅವರಿಗೆ ಹಾಗೆ ಮಾಡಿ ಎಂದು ಹೇಳಿರಲಿಲ್ಲ. ಇದು ನನ್ನ ಗಮನಕ್ಕೆ ಬರಲು ಎರಡು ವರ್ಷ ಬೇಕಾಯಿತು.

ಕೂಟ ನಡೆಸುತ್ತಿದ್ದವರು ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಎಲ್ಲರಿಗೂ ಅವರು ಕಂಡಕ್ಟರಣ್ಣ. ಬಾಗಿಲಲ್ಲಿ ನಾಲ್ಕು ಜನ ನಿಂತರೆ ಈಗಲೂ ಬಾಯಿತಪ್ಪಿ ಮುಂದೆ ಹೋಗಿ, ಮುಂದೆ ಹೋಗಿ ಎನ್ನುತ್ತಿದ್ದರು. ಬುದ್ಧರ ಮಾತುಗಳಿರುವ ಪಾಲಿ ಭಾಷೆ ಓದಿಕೊಂಡಿದ್ದರು, ಆದರೆ ಹೇಳುವುದೆಲ್ಲ ಬಸ್ಸಿನ ಭಾಷೆಯಲ್ಲೇ. ಪಂಚಶೀಲ ಹೇಳಿಕೊಟ್ಟರು, ಕೊಲ್ಲುವುದಿಲ್ಲ, ಕದಿಯುವುದಿಲ್ಲ ಎನ್ನುವುದು ನಮ್ಮ ವಯಸ್ಸಿನವರಿಗೆ ಸುಲಭ, ನಾಲ್ಕನೆಯದನ್ನು ನೋಡಿಕೊಳ್ಳಿ, ನಾಲಿಗೆಯದು ಎಂದರು. ಅದಕ್ಕಾಗಿ ಕೂಟದಲ್ಲಿ ಎರಡು ಪದ್ಧತಿ ಇದ್ದವು. ತಿಂಗಳಿಗೆ ಎರಡು ಸಲ, ಹುಣ್ಣಿಮೆ ಮತ್ತು ಅಮಾವಾಸ್ಯೆಯ ಸಂಜೆ, ಯಾರು ಎಲ್ಲಿ ತಪ್ಪಿದೆವು ಎಂದು ಒಬ್ಬೊಬ್ಬರೇ ಹೇಳಬೇಕು. ಉಳಿದವರು ಸಮಾಧಾನ ಹೇಳಬಾರದು, ಬೈಯಬಾರದು. "ಕೇಳಿದೆವು" ಎಂದಷ್ಟೇ ಹೇಳಬೇಕು. ಇನ್ನೊಂದು, ವಾರಕ್ಕೊಂದು ದಿನ ಮನೆಯಲ್ಲಿ ಮೌನ. ನಾನು ಬುಧವಾರ ಆರಿಸಿಕೊಂಡೆ.

ತಂಗಿ ನಮ್ಮ ಕೂಟಕ್ಕೆ ಕಣ್ಣಾಮುಚ್ಚಾಲೆ ಸಂಘ ಎಂದು ಹೆಸರಿಟ್ಟಳು. ಬೌದ್ಧ ಭಿಕ್ಷುಗಳನ್ನು ಕರೆಯುವಂತೆ ನನ್ನನ್ನು ಭಂತೆ ಎಂದು ಕರೆಯತೊಡಗಿದಳು. ಭಂತೆಯವರೇ, ಸಾರಿಗೆ ಉಪ್ಪು ಹಾಕಿದ್ದೀರೋ, ಉಪ್ಪಿನ ಆಸೆಯನ್ನೂ ಬಿಟ್ಟಿದ್ದೀರೋ ಎನ್ನುತ್ತಿದ್ದಳು. ಬುಧವಾರಗಳಂದು ನಾನು ಅಡುಗೆಮನೆಯ ಗೋಡೆಗೆ ಒಂದು ಸ್ಲೇಟು ನೇತುಹಾಕಿ, ಬೇಕಾದ್ದನ್ನು ಬರೆಯುತ್ತಿದ್ದೆ. ಅವಳು ಅದರ ಕೆಳಗೆ ತನ್ನ ಉತ್ತರ ಬರೆಯುತ್ತಿರಲಿಲ್ಲ, ಜೋರಾಗಿ ಹೇಳುತ್ತಿದ್ದಳು. ನನ್ನ ಪಾಲಿನದನ್ನೂ ತಾನೇ ಹೇಳಿ ಅದಕ್ಕೂ ಉತ್ತರ ಕೊಡುತ್ತಿದ್ದಳು. ಮೌನದ ದಿನವೇ ನಮ್ಮ ಮನೆಯಲ್ಲಿ ಹೆಚ್ಚು ಗದ್ದಲ. ಆಸ್ಪತ್ರೆಯಿಂದ ಅವಳು ಬರುವಷ್ಟರಲ್ಲಿ ನನ್ನ ಮೌನ ಸಾಕಷ್ಟು ಗಟ್ಟಿಯಾಗಿರಬೇಕು ಎಂದು ಮಧ್ಯಾಹ್ನವೆಲ್ಲ ಪ್ರಯತ್ನಪಡುತ್ತಿದ್ದೆ.

ಆ ವಾರದ ಭಾನುವಾರ ಕಂಡಕ್ಟರಣ್ಣ ಕರ್ಮದ ವಿಷಯ ಹೇಳಿದ್ದರು. ಕಿಕ್ಕಿರಿದ ಬಸ್ಸು. ಡ್ರೈವರು ಬ್ರೇಕು ಹಾಕಿದಾಗ ಒಬ್ಬ ಜೋಲಿ ಹೊಡೆದು ನಿಮ್ಮ ಕಾಲು ತುಳಿಯುತ್ತಾನೆ. ಇನ್ನೊಬ್ಬ ನಿಮ್ಮ ಮೇಲಿನ ಸಿಟ್ಟಿಗೆ ಬೇಕೆಂದೇ ತುಳಿಯುತ್ತಾನೆ. ಕಾಲಿಗೆ ನೋವು ಒಂದೇ. ಆದರೆ ತುಳಿದವನ ಮಟ್ಟಿಗೆ ಅವೆರಡು ಒಂದೇ ಕೆಲಸವಲ್ಲ. ಬುದ್ಧರು ಕರ್ಮ ಎಂದದ್ದು ಕಾಲನ್ನಲ್ಲ, ಕಾಲನ್ನು ಎತ್ತುವ ಮೊದಲು ಮನಸ್ಸಿನಲ್ಲಿ ಎದ್ದದ್ದನ್ನು. ಅದಕ್ಕೆ ಚೇತನಾ ಎಂದು ಹೆಸರು ಎಂದರು. ನನಗೆ ಬಹಳ ಹಿಡಿಸಿತು. ಪುಸ್ತಕದಲ್ಲಿ ಬರೆದಿಟ್ಟುಕೊಂಡೆ.

ಬುಧವಾರ ಮಧ್ಯಾಹ್ನ ಮೂರು ಗಂಟೆಗೆ ಮೆಟ್ಟಿಲ ಮೇಲೆ ಅವಳ ಹೆಜ್ಜೆ ಕೇಳಿತು. ಅಷ್ಟು ಬೇಗ ಬರುವವಳಲ್ಲ. ಬಾಗಿಲು ತೆರೆದು ಒಳಗೆ ಬಂದಳು. ಆಸ್ಪತ್ರೆಯ ಬಿಳಿ ಕೋಟು ತೆಗೆದಿರಲಿಲ್ಲ, ಚಪ್ಪಲಿಯನ್ನೂ ಬಿಟ್ಟಿರಲಿಲ್ಲ. ನಾನು ಕಿಟಕಿಯ ಬಳಿ ಚಾಪೆಯ ಮೇಲೆ ಕೂತಿದ್ದೆ.

"ಅಕ್ಕಾ, ನಿನ್ನ ಒಂದು ಮಾತು ಕೇಳ್ಬೇಕು," ಎಂದಳು.

ನಾನು ತುಟಿಯ ಮೇಲೆ ಬೆರಳಿಟ್ಟೆ. ಆಮೇಲೆ ಅದೇ ಬೆರಳಿನಿಂದ ಅಡುಗೆಮನೆಯ ಸ್ಲೇಟು ತೋರಿಸಿದೆ.

ಅವಳು ಸ್ಲೇಟಿನ ಬಳಿ ಹೋದಳು, ಬಳಪ ಹಿಡಿದಳು. ಬೆಳಿಗ್ಗೆ ನಾನು ಬರೆದಿದ್ದ ಹಾಲು, ಸೋಪು ಎನ್ನುವುದನ್ನು ಅಂಗೈಯಿಂದ ಒರೆಸಿದಳು. ಏನೂ ಬರೆಯಲಿಲ್ಲ. ಒಂದು ಲೋಟ ನೀರು ಕುಡಿದು, ಲೋಟ ತೊಳೆದು, ಬೋರಲು ಹಾಕಿದಳು. ನನಗೆ ಚಹಾ ಮಾಡಿಕೊಟ್ಟಳು, ಸದ್ದಾಗದಂತೆ ಲೋಟವನ್ನು ಚಾಪೆಯ ಪಕ್ಕದಲ್ಲಿಟ್ಟು ತನ್ನ ಕೋಣೆಗೆ ಹೋದಳು.

ಗುರುವಾರ ಬೆಳಿಗ್ಗೆ ಏನೋ ಕೇಳಬೇಕೆಂದಿದ್ದೆಯಲ್ಲ ಎಂದೆ. ಏನೂ ಇಲ್ಲ, ಬಿಡು ಎಂದಳು. ಮುಂದಿನ ಒಂಬತ್ತು ದಿನ ಹಾಗೆಯೇ. ಬೇಕಾದ್ದಕ್ಕೆ ಮಾತ್ರ ಮಾತು. ಮೌನ ಅವಳಿಗೂ ಅಂಟಿತೆಂದು ನಾನು, ನಾಚಿಕೆಯಾಗುತ್ತದೆ ಹೇಳಲು, ಒಳಗೊಳಗೇ ಸಂತೋಷಪಟ್ಟೆ. ಹತ್ತನೆಯ ದಿನ ಅವಳು ಒಂದು ಪೆಟ್ಟಿಗೆ ಹಿಡಿದು ನಿಂತಿದ್ದಳು. ಆಸ್ಪತ್ರೆಯ ಕೆಲಸ ಬಿಟ್ಟಿದ್ದೇನೆ, ಬೇರೆ ಊರಲ್ಲಿ ಒಬ್ಬರನ್ನು ನೋಡಿಕೊಳ್ಳುವ ಕೆಲಸವಿದೆ, ಕಾಗದ ಬರೆಯುತ್ತೇನೆ, ನೀನು ಬರಬೇಡ ಎಂದಳು. ನನ್ನ ಕೈಯನ್ನೊಮ್ಮೆ ಮುಟ್ಟಿ ಇಳಿದು ಹೋದಳು.

ಎರಡು ತಿಂಗಳಾದ ಮೇಲೆ ಅವಳ ಜೊತೆ ಕೆಲಸ ಮಾಡುತ್ತಿದ್ದ ನರ್ಸು ಮಾರುಕಟ್ಟೆಯಲ್ಲಿ ಸಿಕ್ಕು ಎಲ್ಲ ಹೇಳಿದಳು. ಒಂದೇ ಹೆಸರಿನ ಇಬ್ಬರು ಹೆಂಗಸರ ಕನ್ನಡಕ ಒಂದೇ ದಿನ ತಯಾರಾಗಿತ್ತು. ಅವರಲ್ಲಿ ಒಬ್ಬರು ಪಕ್ಕದ ಊರಿನವರು; ಅವರ ಪರವಾಗಿ ನೆರೆಯವರೊಬ್ಬರು ಬಂದು, ಬಸ್ಸು ಹೊರಡುತ್ತದೆಂದು ಅವಸರಪಡಿಸಿದರು. ಕನ್ನಡಕ ಹಾಕಿಕೊಳ್ಳುವವರೇ ಎದುರಿಗಿಲ್ಲ, ಕ್ಯಾಲೆಂಡರು ಓದಿಸುವುದು ಯಾರಿಗೆ? ಚೀಟಿಯ ಹೆಸರು ನೋಡಿ ಕೊಟ್ಟುಬಿಟ್ಟಳು. ಅದು ಇನ್ನೊಬ್ಬರದು. ಬುಧವಾರ ಮಧ್ಯಾಹ್ನ ಆ ಇನ್ನೊಬ್ಬರು ಬಂದು, ಈ ಕನ್ನಡಕದಲ್ಲಿ ಏನೂ ಕಾಣುತ್ತಿಲ್ಲ ಎಂದಾಗ ತಂಗಿಗೆ ತಲೆಯ ಮೇಲೆ ಸಿಡಿಲು ಬಡಿದಂತಾಯಿತು. ಪಕ್ಕದ ಊರಿಗೆ ಫೋನು ಮಾಡಿದಳು. ಆ ಹೊತ್ತಿಗೆ ಅಲ್ಲಿಯವರು ಹೊಸ ಕನ್ನಡಕದಲ್ಲಿ ಮೆಟ್ಟಿಲು ಯಾವುದು, ನೆಲ ಯಾವುದು ತಿಳಿಯದೆ ಮಹಡಿಯಿಂದ ಉರುಳಿ ಸೊಂಟದ ಮೂಳೆ ಮುರಿದುಕೊಂಡು ಎರಡು ದಿನವಾಗಿತ್ತು.

ತರಕಾರಿ ಚೀಲ ಹಿಡಿದು ಅಲ್ಲೇ ನಿಂತೆ. ನರ್ಸು ನನ್ನ ಮುಖ ನೋಡಿ ಚೀಲ ತಾನೇ ತೆಗೆದುಕೊಂಡು ಮನೆಯವರೆಗೂ ಬಂದಳು. ಅವಳ ಡ್ಯೂಟಿಗೆ ತಡವಾಗಿತ್ತು.

ತಂಗಿ ಏನು ಕೇಳಲು ಬಂದಿದ್ದಳೆಂದು ಈಗ ಯಾರೂ ಹೇಳಬೇಕಾಗಿರಲಿಲ್ಲ. ಅದರ ಉತ್ತರ ನನ್ನ ಪುಸ್ತಕದಲ್ಲೇ ಇತ್ತು, ಭಾನುವಾರದ ತಾರೀಖು ಹಾಕಿ ಬರೆದದ್ದು. ಚಾಪೆಯಿಂದ ಏಳದೆಯೇ ಹೇಳಬಹುದಿತ್ತು. ಪುಟಗಟ್ಟಲೆ ಪತ್ರ ಬರೆದೆ. ಅವಳಿಂದ ತಿಂಗಳಿಗೊಂದು ಕಾರ್ಡು ಬರುತ್ತಿತ್ತು: ಚೆನ್ನಾಗಿದ್ದೇನೆ, ಇಲ್ಲಿ ಸೆಖೆ, ಮಾತ್ರೆ ತಪ್ಪಿಸಬೇಡ, ಬರಬೇಡ. ಕೊನೆಯಲ್ಲಿ ವಿಳಾಸ. ಹದಿನೇಳು ವರ್ಷ ಬಾಯಿ ಮುಚ್ಚದವಳ ನಾಲ್ಕು ಸಾಲು. ಕಾರ್ಡಿನಲ್ಲಿ ಅವಳ ದನಿ ಎಲ್ಲಾದರೂ ಸಿಕ್ಕೀತೇ ಎಂದು ತಿರುತಿರುಗಿಸಿ ನೋಡುತ್ತಿದ್ದೆ. ಒಮ್ಮೆ ಸೆಖೆ ಎಂಬುದರ ಮುಂದೆ "ಕೋಳಿ ಮೊಟ್ಟೆ ಬೇಯುವಷ್ಟು" ಎಂದು ಬರೆದು ಹೊಡೆದುಹಾಕಿದ್ದಳು. ಆ ಹೊಡೆದುಹಾಕಿದ್ದನ್ನು ದಿನಾ ಓದಿದೆ.

ಮನೆಯಲ್ಲಿ ಈಗ ಏಳು ದಿನವೂ ಬುಧವಾರ. ಸಂಜೆ ಆರಕ್ಕೆ ಮೆಟ್ಟಿಲ ಮೇಲೆ ಯಾರ ಹೆಜ್ಜೆ ಕೇಳಿದರೂ ಕಿವಿ ಅತ್ತ ಹೋಗುತ್ತಿತ್ತು. ಕೂಟದಲ್ಲಿ ಮೈತ್ರಿ ಭಾವನೆ ಮಾಡುವಾಗ ಮೊದಲು ತನಗೆ, ಆಮೇಲೆ ಪ್ರೀತಿಪಾತ್ರರಿಗೆ, ಆಮೇಲೆ ಅಪರಿಚಿತರಿಗೆ ಒಳ್ಳೆಯದಾಗಲಿ ಎಂದು ಹಾರೈಸಬೇಕು. ನಾನು ಎರಡನೆಯ ಹೆಜ್ಜೆಯಲ್ಲೇ ಸಿಕ್ಕಿಹಾಕಿಕೊಳ್ಳುತ್ತಿದ್ದೆ. ಅವಳು ಸುಖವಾಗಿರಲಿ ಎನ್ನಲು ಹೋದರೆ, ಅವಳು ಬರಲಿ ಎಂದೇ ಬಾಯಿಗೆ ಬರುತ್ತಿತ್ತು. ಇದು ಮೈತ್ರಿಯಲ್ಲ, ಆಸೆ ಎಂದು ಕಂಡಕ್ಟರಣ್ಣನಿಗೆ ಹೇಳಿದೆ. ಇರಲಿ, ಆಸೆಯ ಪಕ್ಕದಲ್ಲೇ ಮೈತ್ರಿಗೂ ಒಂದು ಸೀಟು ಕೊಡಿ, ಎರಡೂ ಕೂತುಕೊಳ್ಳಲಿ ಎಂದರು.

ಮೂರನೆಯ ವರ್ಷದ ಒಂದು ಅಮಾವಾಸ್ಯೆಯ ಸಂಜೆ ಕೂಟದಲ್ಲಿ ಬಾಯಿಬಿಟ್ಟು ಹೇಳಿದೆ. ನಡೆದದ್ದನ್ನೆಲ್ಲ ಹೇಳಿ, ನಿಯಮ ಪಾಲಿಸುವ ಒಳ್ಳೆಯ ಉದ್ದೇಶದಿಂದಲೇ ಸುಮ್ಮನಿದ್ದೆ, ಅದರಿಂದ ಕೆಟ್ಟದ್ದಾಯಿತು ಎಂದು ಮುಗಿಸಿದೆ. ಕೇಳಿದೆವು ಎಂದರು. ಮನಸ್ಸು ಹಗುರಾಗಬೇಕಿತ್ತು, ಆಗಲಿಲ್ಲ. ಕೆಳಗೆ ಚಪ್ಪಲಿ ಹುಡುಕುತ್ತಿದ್ದಾಗ ಕಂಡಕ್ಟರಣ್ಣ ನನ್ನ ಜೋಡಿಯನ್ನು ಕಾಲಿನಿಂದ ಇತ್ತ ಸರಿಸಿಕೊಟ್ಟು, ಮೆಲ್ಲಗೆ ಕೇಳಿದರು.

"ಬೆರಳು ಎತ್ತಿದಿರಲ್ಲ, ಆಗ ಒಳಗೆ ಏನಿತ್ತು? ನೋಡಿದ್ರಾ?"

ನೋಡಿರಲಿಲ್ಲ. ನೋಡಲು ಕೂತೆ. ಒಂದು ತಿಂಗಳು ದಿನಾ ಬೆಳಿಗ್ಗೆ ಆ ಮಧ್ಯಾಹ್ನಕ್ಕೆ ಹೋಗಿ ಕೂರುತ್ತಿದ್ದೆ. ಮೊದಲು ಕಂಡದ್ದೆಲ್ಲ ನಿಯಮ, ಶ್ರದ್ಧೆ, ಅಭ್ಯಾಸ. ಪರೀಕ್ಷಾಲಯದಲ್ಲಿ ಸೀಸೆಯ ನೀರಿಗೆ ಹನಿಹನಿಯಾಗಿ ದ್ರಾವಣ ಬಿಡುವಾಗ ಬಹಳ ಹೊತ್ತು ಏನೂ ಬದಲಾಗುವುದಿಲ್ಲ. ಆಮೇಲೆ ಒಂದೇ ಒಂದು ಹನಿಗೆ ಇಡೀ ಸೀಸೆ ಗುಲಾಬಿಯಾಗಿಬಿಡುತ್ತದೆ. ಹಾಗಾಯಿತು. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿದಾಗಲೇ ನಾನು ಬಂದಳಪ್ಪ, ಇನ್ನು ಶುರು ಎಂದುಕೊಂಡಿದ್ದೆ. ಅವಳ ಒಣಗಿದ ತುಟಿ, ಕಳಚದ ಕೋಟು, ಕಾಲಿನ ಚಪ್ಪಲಿ ಎಲ್ಲ ನೋಡಿದ್ದೆ. ನೋಡಿಯೂ ಬೆರಳೆತ್ತಿದ್ದೆ. ಎತ್ತುವಾಗ ಒಳಗೆ ಸಣ್ಣದೊಂದು ಸಿಹಿ ಇತ್ತು. ಹದಿನೇಳು ವರ್ಷದಲ್ಲಿ ಒಮ್ಮೆಯೂ ಅವಳ ಬಾಯಿಯ ಮುಂದೆ ನಾನು ಗೆದ್ದವಳಲ್ಲ. ಅಂದು ನಿಯಮದ ಬೆನ್ನ ಹಿಂದೆ ನಿಂತು ಗೆದ್ದಿದ್ದೆ.

ಹಾಗಾದರೆ, ಮೂಳೆ ಮುರಿಸಿದ ಅವಳ ಕೈಯಲ್ಲಿ ದೋಷವಿಲ್ಲ. ಯಾರ ಕೂದಲೂ ಕೊಂಕಿಸದ ನನ್ನ ಬೆರಳಲ್ಲಿ ಇದೆ. ಇದನ್ನು ಹುಣ್ಣಿಮೆಯ ಸಂಜೆ ಕೂಟದಲ್ಲಿ ಹೇಳಿದೆ. ಎಲ್ಲರೂ ಕೇಳಿದೆವು ಎಂದರು. ಕಂಡಕ್ಟರಣ್ಣ ಮಾತ್ರ ಪದ್ಧತಿ ಮುರಿದು ಇನ್ನೊಂದು ಮಾತು ಸೇರಿಸಿದರು.

"ನಮಗೆ ಹೇಳಿದ್ದು ಸರಿ. ಆದ್ರೆ ಅಮ್ಮಾ, ಇಳಿಯೋ ಸ್ಟಾಪು ಇದಲ್ಲ."

ಮರುದಿನ ಬೆಳಿಗ್ಗೆ ಬಸ್ಸು ಹತ್ತಿದೆ. ಬರಬೇಡ ಎಂದು ಮೂವತ್ತು ಕಾರ್ಡುಗಳಲ್ಲಿ ಬರೆದವಳ ಬಳಿಗೆ ಹೋಗುತ್ತಿದ್ದೆ. ಹೇಳಿಬಿಡಬೇಕೆಂದು ಹೊರಟೆ ಎನ್ನುವುದು ಅರ್ಧ ನಿಜ. ಅವಳನ್ನು ಕರೆದುಕೊಂಡು ಬರಬೇಕೆಂದು ಹೊರಟಿದ್ದೆ. ಹಿಂದಿನ ಸಂಜೆ ಅವಳ ಮಂಚಕ್ಕೆ ಹೊಸ ಹೊದಿಕೆ ಹಾಸಿದ್ದೆ.

ಬಸ್ ನಿಲ್ದಾಣದಿಂದ ಎರಡು ಬೀದಿ ದಾಟಿದರೆ ಆ ಮನೆ. ಬಾಗಿಲ ಮೇಲೆ ಬಣ್ಣ ಹೋದ ಬೋರ್ಡು: ಟೈಪಿಂಗ್ ಮತ್ತು ಶೀಘ್ರಲಿಪಿ ಕಲಿಸಲಾಗುವುದು. ಒಳಗೆ ಉದ್ದನೆ ಹಜಾರ, ಒಂದು ಬದಿಯ ಗೋಡೆಯುದ್ದಕ್ಕೂ ಬಟ್ಟೆ ಹೊದಿಸಿದ ಎಂಟು ಟೈಪ್‌ರೈಟರುಗಳು. ಕಿಟಕಿಯ ಬಳಿಯ ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದರು ಟೈಪಿಂಗ್ ಟೀಚರ್. ಎಂಬತ್ತರ ಹತ್ತಿರದವರು, ಸಣ್ಣ ದೇಹ, ದೊಡ್ಡ ಕನ್ನಡಕ. ನಾನು ಬಾಗಿಲಲ್ಲಿ ತಡವರಿಸುತ್ತಿದ್ದರೆ ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು.

"ನೀವು ಬುಧವಾರದ ಅಕ್ಕ ಅಲ್ವಾ?" ಎಂದರು.

ನನಗೆ ನೆಲ ಬಾಯಿಬಿಡಬಾರದೇ ಎನಿಸಿತು. ಅವರು ಮಾತ್ರ ಸಲೀಸಾಗಿ ಕುರ್ಚಿ ತೋರಿಸಿ, ನಿಮ್ಮ ತಂಗಿ ಔಷಧಿ ಅಂಗಡಿಗೆ ಹೋಗಿದ್ದಾಳೆ, ಕೂತುಕೊಳ್ಳಿ, ಬೆನ್ನು ನೆಟ್ಟಗಿರಲಿ ಎಂದರು. ನಲವತ್ತು ವರ್ಷ ಮಕ್ಕಳ ಬೆನ್ನು ನೆಟ್ಟಗೆ ಮಾಡಿದ ಅಭ್ಯಾಸ. ಆಮೇಲೆ ಅವರೇ ಹೇಳಿದರು: ಮೂಳೆಗೆ ಆಪರೇಷನ್ ಆಗಿ ಮಲಗಿದ್ದಾಗ ಒಬ್ಬಳು ವಾರ್ಡಿಗೆ ಬಂದು ಮಂಚದ ಕಾಲ ಬಳಿ ನಿಂತಳಂತೆ. ನಿಮಗೆ ತಪ್ಪು ಕನ್ನಡಕ ಕೊಟ್ಟವಳು ನಾನೇ ಎಂದಳಂತೆ. ಟೀಚರು ಅವಳನ್ನು ನೋಡಿ, ಸರಿಯಾದದ್ದನ್ನಾದರೂ ತಂದಿದ್ದೀಯಾ ಎಂದು ಕೇಳಿದರಂತೆ. ತಂದಿದ್ದಳು. ಮೂಗಿನ ಮೇಲಿಟ್ಟು, ವಾರ್ಡಿನ ಗೋಡೆಯ ಗಡಿಯಾರ ನೋಡಿಸಿ, ಎಷ್ಟು ಗಂಟೆ ಎಂದು ಕೇಳಿ, ಆಮೇಲೆ ಅತ್ತಳಂತೆ. ನನಗೆ ಹಿಂದೆ ಮುಂದೆ ಯಾರೂ ಇಲ್ಲ, ಅಳುವುದಾದರೆ ಇಲ್ಲೇ ಇದ್ದು ಅಳು, ನೀರು ಕೊಡಲು ಒಬ್ಬರು ಬೇಕು ಎಂದರಂತೆ ಟೀಚರು.

ಅಷ್ಟರಲ್ಲಿ ತಂಗಿ ಬಂದಳು. ಸಣ್ಣಗಾಗಿದ್ದಳು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಔಷಧಿಯ ಪೊಟ್ಟಣ ಎದೆಗೊತ್ತಿಕೊಂಡು ನನ್ನನ್ನು ನೋಡಿದಳು.

"ಬರಬೇಡ ಅಂತ ಬರೆದಿದ್ದೆ."

"ಓದಿದೆ."

"ಊಟ ಆಯ್ತಾ?"

ಆಗಿರಲಿಲ್ಲ. ಮೂವರೂ ಊಟ ಮಾಡಿದೆವು. ಟೀಚರಿಗೆ ಅನ್ನವನ್ನು ಮೆತ್ತಗೆ ಕಿವುಚಿ ಕೊಟ್ಟು, ಮಾತ್ರೆ ಅಂಗೈಗೆ ಹಾಕಿ, ನುಂಗುವವರೆಗೂ ನಿಂತಿದ್ದಳು. ಆಮೇಲೆ ಪಾತ್ರೆ ತೊಳೆಯಲು ಹಿತ್ತಲ ಕಡೆಯ ಕಲ್ಲಿಗೆ ಹೋದಳು. ನಾನೂ ಹೋಗಿ ತೊಳೆದದ್ದನ್ನು ಒರೆಸುತ್ತಾ ನಿಂತೆ. ಅವಳ ಬೆನ್ನಿಗೇ ಹೇಳಿದೆ. ಒಳ್ಳೆಯ ಉದ್ದೇಶದ ಕಥೆ ಹೇಳಲಿಲ್ಲ. ನಿನ್ನ ಕೋಟು ನೋಡಿದ್ದೆ, ತುಟಿ ನೋಡಿದ್ದೆ, ಏನೋ ಆಗಿದೆಯೆಂದು ಗೊತ್ತಾಗಿತ್ತು. ಆದರೂ ನಿನ್ನ ಬಾಯಿ ಮುಚ್ಚಿಸುವುದು ನನಗೆ ಹಿತವಾಗಿತ್ತು ಎಂದೆ.

ಅವಳ ಕೈ ನಿಂತಿತು. ನಲ್ಲಿ ಹರಿಯುತ್ತಲೇ ಇತ್ತು.

"ಗೊತ್ತಿತ್ತು," ಎಂದಳು. "ನಿನ್ನ ಮುಖದಲ್ಲಿ ಕಾಣಿಸ್ತು. ಸಣ್ಣವರಿದ್ದಾಗ ಆಟದಲ್ಲಿ ನನ್ನ ಸೋಲಿಸಿದಾಗ ಇರ್ತಿತ್ತಲ್ಲ, ಅದೇ ಮುಖ. ಆಮೇಲೆ ಅಂದ್ಕೊಂಡೆ, ಛೇ, ಅಕ್ಕ ಅಂಥವಳಲ್ಲ, ನನ್ನ ಕಣ್ಣೇ ಸರಿ ಇಲ್ಲ ಅಂತ. ಮೂರು ವರ್ಷ ನನ್ನ ಕಣ್ಣನ್ನೇ ಬೈಕೊಂಡೆ."

ನಲ್ಲಿ ನಿಲ್ಲಿಸಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು. ನಿಯಮಕ್ಕಾಗಿ ಸುಮ್ಮನಿದ್ದೆ ಎಂದೇ ನೀನು ಈಗಲೂ ಹೇಳಿದ್ದರೆ, ಹೌದು ಹೌದು ಎಂದು ಚಹಾ ಕೊಟ್ಟು ಕಳಿಸಿಬಿಡುತ್ತಿದ್ದೆ ಎಂದಳು.

ಆಮೇಲೆ ಕಲ್ಲಿನ ಅಂಚಿನ ಮೇಲೆ ಕೂತು ಕೇಳಿದಳು. "ಸರಿ. ಅವತ್ತು ಕೇಳ್ಬೇಕಂತಿದ್ದದ್ದು ಇವತ್ತು ಕೇಳ್ತೀನಿ. ಬೇಕು ಅಂತ ಮಾಡ್ಲಿಲ್ಲ. ಆದ್ರೂ ಆ ಪಾಪ ನಂದೇನಾ?"

ನಾನು ಬಸ್ಸಿನ ಕಥೆ ಹೇಳಿದೆ. ಜೋಲಿ ಹೊಡೆದವನು, ಬೇಕೆಂದು ತುಳಿದವನು, ಎತ್ತುವ ಮೊದಲು ಮನಸ್ಸಿನಲ್ಲಿ ಎದ್ದದ್ದು. ನೀನು ಜಾಗ್ರತೆ ತಪ್ಪಿದೆ, ಅದು ತಪ್ಪು. ಆದರೆ ಅದರಲ್ಲಿ ಕೇಡು ಬಗೆದದ್ದಿರಲಿಲ್ಲ, ಪಾಪವೆಂದು ಹೊತ್ತುಕೊಳ್ಳಬೇಕಾದದ್ದಲ್ಲ ಎಂದೆ. ಹೇಳಿ ಮುಗಿಸಲು ಎರಡು ನಿಮಿಷವೂ ಆಗಲಿಲ್ಲ. ಅವಳು ತಲೆ ಒಂದು ಕಡೆ ವಾಲಿಸಿ ಪೂರ್ತಿ ಕೇಳಿದಳು. ನಾನು ಅವಳ ಮಾತನ್ನು ಹಾಗೆ ಎಂದೂ ಕೇಳಿರಲಿಲ್ಲ.

"ಅಂದ್ರೆ ನಿಮ್ಮ ಕಂಡಕ್ಟರ ಪ್ರಕಾರ, ಮೂಳೆ ಮುರಿಸಿದ ನನಗಿಂತ ಬೆರಳೆತ್ತಿದ ನೀನು ದೊಡ್ಡ ಪಾಪಿ?"

"ಹೌದು."

"ಇದ್ರಲ್ಲೂ ನೀನೇ ಫಸ್ಟು," ಎಂದು ನಕ್ಕಳು. ನಗು ಮುಖದ ಮೇಲೆ ಸ್ವಲ್ಪ ಹೊತ್ತು ಇತ್ತು, ಆಮೇಲೆ ಹೋಯಿತು. "ಎಲ್ಲಾ ಸರಿ ಅಕ್ಕ. ಆದ್ರೆ ತುಳಿಸ್ಕೊಂಡವರ ಕಾಲು? ಅವರು ನಡೀಬೇಕಲ್ಲ."

ಅದನ್ನು ಅವಳು ಉತ್ತರಕ್ಕಾಗಿ ಕೇಳಿದ್ದಲ್ಲ. ಅವಳಾಗಲೇ ಮೂರು ವರ್ಷದಿಂದ ಅದರಲ್ಲೇ ಇದ್ದಳು. ಬೆಳಿಗ್ಗೆ ಎಬ್ಬಿಸುವುದು, ಸ್ನಾನ ಮಾಡಿಸುವುದು, ಸೊಂಟಕ್ಕೆ ಎಣ್ಣೆ ತಿಕ್ಕುವುದು. ಅವತ್ತು ನೀನು ಇದನ್ನು ಹೇಳಿದ್ದರೆ ಸಮಾಧಾನವಾಗಿ ಮನೆಯಲ್ಲೇ ಉಳಿದುಬಿಡುತ್ತಿದ್ದೆನೇನೋ, ಇಲ್ಲಿಗೆ ಬರುತ್ತಿರಲಿಲ್ಲವೇನೋ ಎಂದಳು. ಒಂದು ಕ್ಷಣ ನನ್ನ ಮನಸ್ಸು ಆ ಮಾತಿಗೆ ಜೋತುಬಿತ್ತು. ಹಾಗಾದರೆ ನನ್ನ ಬೆರಳಿನಿಂದ ಒಳ್ಳೆಯದೇ ಆಯಿತಲ್ಲ ಎಂದು ಒಳಗೆ ಯಾರೋ ಪಿಸುಗುಟ್ಟಿದರು. ನಾನು ಆ ಪಿಸುಮಾತನ್ನೂ ನೋಡಿದೆ. ಆ ಒಳ್ಳೆಯದು ಅವಳು ಮಾಡಿದ್ದು. ಅದರಲ್ಲಿ ನನ್ನ ಪಾಲು ಏನೂ ಇಲ್ಲ.

"ಮನೆಗೆ ಬಾ," ಎಂದೆ. ಇಷ್ಟು ವರ್ಷ ಪತ್ರದಲ್ಲಿ ಹತ್ತು ಬಗೆಯಲ್ಲಿ ಬರೆದದ್ದನ್ನು ಬಾಯಲ್ಲಿ ಹೇಳುವಾಗ ಎರಡೇ ಶಬ್ದವಾಯಿತು. "ನನಗೆ ನೀನು ಬೇಕು."

"ಗೊತ್ತು," ಎಂದಳು. ನನ್ನ ಕೈಯಲ್ಲಿದ್ದ ಒದ್ದೆ ಬಟ್ಟೆಯ ಒಂದು ತುದಿ ಹಿಡಿದು ಮಡಿಸಿದಳು. "ಬರಲ್ಲ ಅಕ್ಕ. ಅವರು ಗೋಡೆ ಹಿಡಿಯದೆ ನಡೆಯೋವರೆಗಂತೂ ಇಲ್ಲ. ಆಮೇಲೂ ಹೇಳಕ್ಕಾಗಲ್ಲ. ನಿನ್ನ ಮೇಲೆ ಸಿಟ್ಟಿಗಲ್ಲ. ಸಿಟ್ಟಿತ್ತು, ಇಲ್ಲ ಅನ್ನಲ್ಲ. ಇಲ್ಲಿ ನನಗೆ ಕೆಲಸ ಇದೆ, ಮನಸ್ಸು ನಿಂತಿದೆ."

ಮಂಚಕ್ಕೆ ಹಾಸಿದ ಹೊಸ ಹೊದಿಕೆಯ ವಿಷಯ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಹೇಳಿದರೆ ಅವಳಿಗೆ ನೋವಾಗುತ್ತದೆ, ಪ್ರಯೋಜನ ಯಾವುದೂ ಇಲ್ಲ. ಸುಮ್ಮನಾದೆ. ಅಳು ಬಂತು, ಅತ್ತೆ. ಅವಳು ಪಾತ್ರೆಗಳನ್ನು ಒಂದೊಂದಾಗಿ ಬೋರಲು ಹಾಕುತ್ತಾ ನಾನು ಅತ್ತು ಮುಗಿಸುವವರೆಗೂ ಅಲ್ಲೇ ಇದ್ದಳು. ಆಮೇಲೆ ನಿನಗೆ ಮಾತ್ರೆಯ ಹೊತ್ತಾಯಿತಲ್ಲ ಎಂದು ನೆನಪಿಸಿದಳು.

ಮೂರು ಗಂಟೆಗೆ ಟೀಚರಿಗೆ ನಡೆಯುವ ಹೊತ್ತು. ಮಂಚದಿಂದ ಹಜಾರದ ಆ ತುದಿಗೆ ಹದಿನಾಲ್ಕು ಹೆಜ್ಜೆ, ವಾಪಸು ಹದಿನಾಲ್ಕು. ತಂಗಿ ಎಡಗಡೆ ನಿಂತು ಅವರ ತೋಳಿನ ಕೆಳಗೆ ಕೈ ಕೊಟ್ಟಳು. ಬಲಗಡೆ ದಿನವೂ ಗೋಡೆ. ಟೀಚರು ಗೋಡೆಯ ಕಡೆ ಕೈ ಚಾಚುವಷ್ಟರಲ್ಲಿ ತಂಗಿ ನನ್ನತ್ತ ನೋಡದೆಯೇ ಹೇಳಿದಳು.

"ಆ ಕಡೆ ನೀನು ಹಿಡ್ಕೋ."

ಹಿಡಿದೆ. ಹಗುರವಾದ ತೋಳು, ಒಳಗೆ ಮೂಳೆ ಸಿಗುತ್ತಿತ್ತು. ಮೂವರೂ ಹೊರಟೆವು. ಟೈಪಿಂಗ್ ಟೀಚರು ತರಗತಿಯಲ್ಲಿ ಹೇಳಿಕೊಡುತ್ತಿದ್ದ ದನಿಯಲ್ಲೇ ಒಂದು, ಎರಡು ಎಂದು ಎಣಿಸುತ್ತಿದ್ದರು, ನಡುವೆ ನನ್ನ ಬೆನ್ನು ಬಾಗಿದೆ ಎಂದು ತಿದ್ದಿದರು. ತಂಗಿ ಅತ್ತ ಮುಖ ತಿರುಗಿಸಿ ನಕ್ಕದ್ದು ಅವಳ ಭುಜ ಅಲುಗಿದ್ದರಿಂದ ತಿಳಿಯಿತು. ಅವಳ ಬಿಳಿ ಕೂದಲು, ಕಿವಿ, ಕತ್ತಿನ ಹಿಂದಿನ ಮಚ್ಚೆ ಎಲ್ಲ ಕಾಣುತ್ತಿತ್ತು. ನಡುವೆ ಒಬ್ಬ ಸಣ್ಣ ಮುದುಕಿ ಮಾತ್ರ. ಅವಳು ಸುಖವಾಗಿರಲಿ ಎಂದುಕೊಂಡೆ. ಅವಳು ಬರಲಿ ಎನ್ನುವುದೂ ಪಕ್ಕದಲ್ಲೇ ಬಂದು ಕೂತಿತು. ಎದ್ದು ಹೋಗು ಎನ್ನಲಿಲ್ಲ.

ಆ ತುದಿ ಮುಟ್ಟಿ ತಿರುಗಿದಾಗ ಟೀಚರು, ಗೋಡೆಗಿಂತ ಮನುಷ್ಯರೇ ವಾಸಿ, ಶನಿವಾರಗಳಂದು ಬರಲು ಸಾಧ್ಯವಾ ಎಂದು ಕೇಳಿದರು. ನಾನು ತಂಗಿಯ ಕಡೆ ನೋಡಿದೆ. ಅವಳು ಬಸ್ಸಿನ ಹೊತ್ತು ಹೇಳಿದಳು: ಏಳೂಕಾಲಿಗೆ ಹೊರಡುವ ಬಸ್ಸೇ ಒಳ್ಳೆಯದು, ಎಂಟರದ್ದು ಎಲ್ಲ ಕಡೆ ನಿಲ್ಲಿಸುತ್ತದೆ, ಕಿಟಕಿಯ ಕಡೆ ಕೂರಬೇಡ, ಧೂಳು, ನೀರಿನ ಬಾಟಲಿ ಮರೆಯಬೇಡ. ಬರುತ್ತೇನೆ ಎಂದೆ.

ನನ್ನ ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಇವತ್ತು ಇನ್ನೊಂದು ಸುತ್ತು ಆಗಬಹುದು ಎಂದರು ಟೀಚರು. ಮತ್ತೆ ಒಂದರಿಂದ ಎಣಿಸಲು ಶುರುಮಾಡಿದರು.